ಮುಂದಿನ ರಿವಾಲ್ವರ್ ಯಾವುದು? ಸಂಗ್ರಹಕ್ಕೆ ಹೊಸದನ್ನು ಸೇರಿಸುವ ಮೊದಲು ಮಾಡಬೇಕಾದ ಕೆಲಸಗಳು

ಮೊದಲ ಎರಡು ಮೂರು ರಿವಾಲ್ವರ್ ಆರಿಸುವುದು ಸುಲಭ. ನೋಡಿದಿರಿ, ಕೈಯಲ್ಲಿ ಹಿಡಿದಿರಿ, ಮನಸ್ಸಿಗೆ ಹಿಡಿಸಿತು, ತಂದಿರಿ. ಕಷ್ಟ ಶುರುವಾಗುವುದು ನಾಲ್ಕನೆಯದರಿಂದ ಆಚೆಗೆ. ಆಗ ಕಂಡದ್ದೆಲ್ಲ ಬೇಕು ಅನಿಸುತ್ತದೆ. ನಾನು ಹೀಗೆ ಆಸೆಪಟ್ಟು ತಂದು, ವರ್ಷ ತುಂಬುವುದರೊಳಗೆ ಕೈಬಿಟ್ಟವು ಕೆಲವು ಇವೆ. ಅವು ಕೆಟ್ಟವಾಗಿರಲಿಲ್ಲ. ನನ್ನ ಹತ್ತಿರ ಮೊದಲೇ ಇದ್ದವುಗಳಿಗೂ ಅವಕ್ಕೂ ಯಾವ ಸಂಬಂಧವೂ ಇರಲಿಲ್ಲ, ಅಷ್ಟೇ.

ಅಂದಿನಿಂದ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಹೊಸದು ಬಂದರೆ, ಈಗಾಗಲೇ ಮನೆಯಲ್ಲಿರುವವು ನನಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತವಾ? ಹೌದು ಅನಿಸಿದರೆ ಮಾತ್ರ ಮುಂದಿನ ಮಾತು. ಕೆಳಗಿನ ಹೆಜ್ಜೆಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿ.

1. ಮೊದಲು ಲೈಸೆನ್ಸ್ ಮತ್ತು ಜಾಗ

ಇದು ಚಿಕ್ಕ ಹೆಜ್ಜೆ. ಆದರೆ ಬಿಡುವ ಹಾಗಿಲ್ಲ. ಒಬ್ಬರು ಎಷ್ಟು ಇಟ್ಟುಕೊಳ್ಳಬಹುದು, ಯಾವ ಕ್ಯಾಲಿಬರ್‌ಗೆ ಅನುಮತಿ ಇದೆ, ಹಳೆಯ ಕಾಲದ್ದಕ್ಕೆ ಬೇರೆ ನಿಯಮ ಇದೆಯಾ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಒಂದು ಕಡೆ ಪುರಾತನ ವಸ್ತು ಅನಿಸಿಕೊಂಡ ರಿವಾಲ್ವರ್‌ಗೆ ಇನ್ನೊಂದು ಕಡೆ ಮಾಮೂಲಿ ಲೈಸೆನ್ಸ್ ಬೇಕಾಗುತ್ತದೆ. ಗಡಿ ದಾಟಿಸಿ ತರುವುದಿದ್ದರೆ ಎರಡೂ ದೇಶಗಳ ನಿಯಮ ನೋಡಬೇಕು. ಹಿಡಿ ಆನೆದಂತದ್ದಾಗಿದ್ದರೆ ವನ್ಯಜೀವಿ ಕಾನೂನೂ ಬರುತ್ತದೆ. ಮುಂಗಡ ಕೊಡುವ ಮೊದಲೇ ಲೈಸೆನ್ಸ್ ಕೊಡುವ ಕಚೇರಿಯಿಂದ ಸ್ಪಷ್ಟ ಉತ್ತರ ಪಡೆಯಿರಿ. ಬೀಗ ಹಾಕುವ ಉಕ್ಕಿನ ಬೀರುವಿನಲ್ಲಿ ಇನ್ನೊಂದಕ್ಕೆ ಜಾಗ ಇದೆಯಾ ಅಂತಲೂ ಆಗಲೇ ನೋಡಿಕೊಳ್ಳಿ.

2. ಇರುವುದನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡಿ

ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಪ್ರತಿಯೊಂದನ್ನೂ ಹೊರಗೆ ತೆಗೆದಾಗ ಎಲ್ಲ ಚೇಂಬರ್‌ಗಳೂ (ತೋಟಾ ಕೂರುವ ತೂತುಗಳು) ಖಾಲಿ ಇವೆ ಎಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ತೋಟಾಗಳು ಆ ಕೋಣೆಯಲ್ಲೇ ಇರುವುದು ಬೇಡ. ಮೆತ್ತನೆಯ ಬಟ್ಟೆ ಹಾಸಿ. ಆ ಮಾದರಿ ಮೊದಲು ಬಂದ ವರ್ಷದ ಪ್ರಕಾರ ಎಡದಿಂದ ಬಲಕ್ಕೆ ಜೋಡಿಸಿ. ಆಮೇಲೆ ಸುಮ್ನೆ ನೋಡುತ್ತಾ ಕೂತುಕೊಳ್ಳಿ.

ಉದಾಹರಣೆಗೆ ಮೇಜಿನ ಮೇಲೆ ಮೂರು ಇವೆ ಅಂತ ಇಟ್ಟುಕೊಳ್ಳೋಣ. ಕೋಲ್ಟ್ 1851 ನೇವಿಯ ಒಂದು ಪ್ರತಿಕೃತಿ, ಕೋಲ್ಟ್ 1873 ಸಿಂಗಲ್ ಆ್ಯಕ್ಷನ್ ಆರ್ಮಿ, ಮತ್ತೆ ಒಂದು ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 10. ಮೊದಲನೆಯದಕ್ಕೆ ಸಿಲಿಂಡರ್‌ನ ಮುಂದಿನಿಂದ ಮದ್ದು, ಸೀಸದ ಗುಂಡು ತುಂಬಿ ಹಿಂದೆ ಮದ್ದಿಗೆ ಬೆಂಕಿ ಹೊತ್ತಿಸುವ ಪುಟ್ಟ ಕ್ಯಾಪ್ ಸಿಕ್ಕಿಸಬೇಕು. ಎರಡನೆಯದರಲ್ಲಿ ಪಕ್ಕದ ಚಿಕ್ಕ ಬಾಗಿಲು ತೆರೆದು ತೋಟಾಗಳನ್ನು ಒಂದೊಂದಾಗಿ ತಳ್ಳಬೇಕು. ಮೂರನೆಯದರಲ್ಲಿ ಇಡೀ ಸಿಲಿಂಡರ್ ಪಕ್ಕಕ್ಕೆ ಹೊರಳಿ ಬರುತ್ತದೆ.

ಇದನ್ನು ನೋಡುತ್ತಿದ್ದರೆ ಪ್ರಶ್ನೆ ತಾನಾಗಿ ಏಳುತ್ತದೆ. ತೋಟಾ ಹಾಕುವ ರಿವಾಲ್ವರ್‌ಗೆ ಬರಲು ಕೋಲ್ಟ್ ಕಂಪನಿ 1870ರ ದಶಕದವರೆಗೆ ಯಾಕೆ ಕಾಯಿತು? ಉತ್ತರ ಒಂದು ಪೇಟೆಂಟ್‌ನಲ್ಲಿದೆ. ಸಿಲಿಂಡರ್‌ಗೆ ಹಿಂದಿನಿಂದ ಮುಂದಕ್ಕೆ ಆರಪಾರ ತೂತು ಕೊರೆಯುವ ಉಪಾಯಕ್ಕೆ ರೋಲಿನ್ ವೈಟ್ 1855ರಲ್ಲಿ ಪೇಟೆಂಟ್ ಪಡೆದಿದ್ದ. ಅದನ್ನು ಬಳಸುವ ಹಕ್ಕು ಸ್ಮಿತ್ ಆ್ಯಂಡ್ ವೆಸನ್ ಕೈಗೆ ಹೋಯಿತು. 1857ರಲ್ಲಿ ಅವರು .22 ಕ್ಯಾಲಿಬರ್‌ನ ಪುಟ್ಟ ಮಾಡೆಲ್ 1 ತಂದರು. 1869ರಲ್ಲಿ ಪೇಟೆಂಟ್ ಮುಗಿಯುವ ತನಕ ಅಮೆರಿಕದಲ್ಲಿ ಬೇರೆಯವರು ಆ ದಾರಿ ಹಿಡಿಯುವುದು ಕಷ್ಟವಿತ್ತು. ಹಾಗಾದರೆ ಈ ಮೇಜಿನ ಮೇಲೆ 1851ಕ್ಕೂ 1873ಕ್ಕೂ ನಡುವೆ ಒಂದು ಖಾಲಿ ಜಾಗ ಇದೆ. ಅಲ್ಲಿ ಕೂರಬೇಕಾದದ್ದು ಆ ಪುಟ್ಟ ಮಾಡೆಲ್ 1.

ಇನ್ನೊಂದು ಖಾಲಿ ಜಾಗವೂ ಇದೆ. ಬಾಗಿಲಿನಿಂದ ತುಂಬುವ ಪದ್ಧತಿಗೂ ಪಕ್ಕಕ್ಕೆ ಹೊರಳುವ ಸಿಲಿಂಡರ್‌ಗೂ ನಡುವೆ ಮುರಿದು ತೆರೆಯುವ ಜಾತಿ ಬರುತ್ತದೆ. ಸ್ಮಿತ್ ಆ್ಯಂಡ್ ವೆಸನ್ 1870ರಲ್ಲಿ ಮಾಡೆಲ್ 3 ತಂದಿತು. ಬ್ರಿಟನ್ನಿನ ವೆಬ್ಲಿ ಅದೇ ದಾರಿಯಲ್ಲಿ ದಶಕಗಳ ಕಾಲ ಹೋಯಿತು. ವೆಬ್ಲಿ ಮಾರ್ಕ್ 6 ಅನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಹ್ಯಾಮರ್ (ತೋಟಾಕ್ಕೆ ಪೆಟ್ಟು ಕೊಡುವ ಸುತ್ತಿಗೆ) ಪಕ್ಕದ ಚಿಲಕವನ್ನು ಹೆಬ್ಬೆರಳಿನಿಂದ ಒತ್ತಿದರೆ ಬ್ಯಾರಲ್ ಮೂತಿ ಕೆಳಗೆ ಬಾಗುತ್ತದೆ. ಬಾಗುತ್ತಾ ಹೋದ ಹಾಗೆ ಸಿಲಿಂಡರ್ ನಡುವಿನಿಂದ ನಕ್ಷತ್ರದ ಆಕಾರದ ತುಂಡು ನಿಧಾನ ಮೇಲೇಳುತ್ತದೆ, ಆರೂ ಖಾಲಿ ತೋಟಾಗಳನ್ನು ಒಟ್ಟಿಗೆ ಎತ್ತುತ್ತದೆ. ಇನ್ನೂ ಬಾಗಿಸಿದರೆ ಟಪ್ ಅಂತ ಒಳಗೆ ಕೂತುಬಿಡುತ್ತದೆ. ಆಮೇಲೆ ನಿಮ್ಮ ಸಿಂಗಲ್ ಆ್ಯಕ್ಷನ್ ಆರ್ಮಿಯ ಬಾಗಿಲು ತೆರೆದು, ಒಂದೊಂದೇ ತೋಟಾ ಹೊರದೂಡುವ ಕಡ್ಡಿಯನ್ನು ಆರು ಸಲ ಹಿಂದಕ್ಕೆ ತಳ್ಳಿ ನೋಡಿ. ಅದು ಎಷ್ಟು ನಿಧಾನದ್ದು ಅಂತ ಅವತ್ತು ಮೊದಲ ಸಲ ಗೊತ್ತಾಗುತ್ತದೆ. ಹೊಸದು ಬಂದು ಹಳೆಯದನ್ನು ಅರ್ಥಮಾಡಿಸುವುದು ಅಂದರೆ ನನ್ನ ಪ್ರಕಾರ ಇದೇ.

3. ನಿಮ್ಮ ಸಂಗ್ರಹದ ಎಳೆ ಹುಡುಕಿ

ಮೇಲೆ ಹೇಳಿದ್ದು ಯಂತ್ರ ಬೆಳೆದು ಬಂದ ಎಳೆ. ನಿಮ್ಮದು ಬೇರೆ ಇರಬಹುದು.

ಕೆಲವರು ಸೈನ್ಯಗಳ ಎಳೆ ಹಿಡಿಯುತ್ತಾರೆ. ರಷ್ಯಾದ ನಗಾನ್ 1895, ಫ್ರಾನ್ಸಿನ 1892, ಜಪಾನಿನ ಟೈಪ್ 26, ಬ್ರಿಟನ್ನಿನ ವೆಬ್ಲಿ ಮತ್ತು ಎನ್‌ಫೀಲ್ಡ್ ನಂಬರ್ 2. ಇವುಗಳಲ್ಲಿ ನಗಾನ್ ನನಗೆ ಬಹಳ ಇಷ್ಟ. ಏಳು ಗುಂಡಿನದು. ಹ್ಯಾಮರ್ ಎಳೆದಾಗ ಸಿಲಿಂಡರ್ ತಿರುಗುವುದಷ್ಟೇ ಅಲ್ಲ, ಮುಂದಕ್ಕೆ ಸರಿದು ಬ್ಯಾರಲ್‌ಗೆ ಅಂಟಿಕೊಳ್ಳುತ್ತದೆ. ತೋಟಾದ ಹಿತ್ತಾಳೆಯ ಬಾಯಿ ಗುಂಡಿಗಿಂತ ಮುಂದಕ್ಕೆ ಚಾಚಿರುತ್ತದೆ, ಅದು ಆ ಸಂದಿಯನ್ನು ಮುಚ್ಚಿ ಅನಿಲ ಸೋರದ ಹಾಗೆ ತಡೆಯುತ್ತದೆ. ಬೇರೆ ಹೆಚ್ಚುಕಡಿಮೆ ಎಲ್ಲ ರಿವಾಲ್ವರ್‌ಗಳಲ್ಲೂ ಸಿಲಿಂಡರ್ ಮತ್ತು ಬ್ಯಾರಲ್ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ ಎಂಬುದು ಇದನ್ನು ನೋಡಿದ ಮೇಲೆಯೇ ಮನಸ್ಸಿಗೆ ಇಳಿಯುವುದು.

ಕೆಲವರದು ಒಂದೇ ಕ್ಯಾಲಿಬರ್. .357 ಮ್ಯಾಗ್ನಮ್ ಹಿಡಿದರೆ 1935ರ ಸ್ಮಿತ್ ಆ್ಯಂಡ್ ವೆಸನ್‌ನಿಂದ ಶುರುಮಾಡಿ, 1955ರ ಕಾಂಬ್ಯಾಟ್ ಮ್ಯಾಗ್ನಮ್, ಅದೇ ವರ್ಷದ ಕೋಲ್ಟ್ ಪೈಥಾನ್, ಫ್ರಾನ್ಸಿನ ಮ್ಯಾನುರಿನ್ ಎಂಆರ್73, ರೂಗರ್ ಜಿಪಿ100 ಹೀಗೆ ಸಾಗಬಹುದು. ಇನ್ನು ಕೆಲವರು ಒಂದೇ ಮಾದರಿಯ ಒಳಭೇದಗಳ ಬೆನ್ನು ಹತ್ತುತ್ತಾರೆ. ಅದೂ ಒಳ್ಳೆಯ ದಾರಿಯೇ, ಆದರೆ ತಾಳ್ಮೆ ಜಾಸ್ತಿ ಬೇಕು.

ಎಳೆ ಕಾಣದಿದ್ದರೆ ಗಾಬರಿ ಬೇಡ. ನೀವು ಯಾವುದನ್ನು ಪದೇಪದೇ ಬೀರುವಿನಿಂದ ತೆಗೆದು ನೋಡುತ್ತೀರಿ? ಅದರ ತಯಾರಕರು, ಅದರ ಕಾಲ, ಅದರ ಯಂತ್ರ, ಇವುಗಳಲ್ಲಿ ಒಂದು ನಿಮ್ಮ ಎಳೆ.

4. ಮೂರು ಹೆಸರು ಬರೆಯಿರಿ, ಪ್ರತಿಯೊಂದಕ್ಕೂ ಒಂದು ವಾಕ್ಯ

ಒಂದು ಹಾಳೆಯಲ್ಲಿ ಮೂರೇ ಮೂರು ಹೆಸರು ಬರೆಯಿರಿ. ಪಕ್ಕದಲ್ಲಿ ಯಾಕೆ ಎಂದು ಒಂದು ವಾಕ್ಯ. "ಚೆನ್ನಾಗಿದೆ", "ಎಲ್ಲರ ಹತ್ತಿರ ಇದೆ", "ಅಗ್ಗಕ್ಕೆ ಸಿಗ್ತಿದೆ" ಇವು ಉತ್ತರ ಅಲ್ಲ. "ನನ್ನ ಮಾಡೆಲ್ 10ರ ಸಿಲಿಂಡರ್ ಎಡಕ್ಕೆ ತಿರುಗುತ್ತದೆ, ಕೋಲ್ಟ್ ಅಫಿಶಿಯಲ್ ಪೊಲೀಸ್‌ನದು ಬಲಕ್ಕೆ, ಒಂದೇ ಕೆಲಸಕ್ಕೆ ಇಬ್ಬರು ಹಿಡಿದ ಎರಡು ದಾರಿಯನ್ನು ಪಕ್ಕಪಕ್ಕದಲ್ಲಿ ನೋಡಬೇಕು" ಎನ್ನುವುದು ಉತ್ತರ. ಸಿಲಿಂಡರ್ ಬಿಚ್ಚಲು ಸ್ಮಿತ್ ಆ್ಯಂಡ್ ವೆಸನ್‌ನಲ್ಲಿ ಗುಂಡಿಯನ್ನು ಮುಂದಕ್ಕೆ ತಳ್ಳುತ್ತೇವೆ, ಹಳೆಯ ಕೋಲ್ಟ್‌ಗಳಲ್ಲಿ ಹಿಂದಕ್ಕೆ ಎಳೆಯುತ್ತೇವೆ. ಇಂಥ ವ್ಯತ್ಯಾಸಗಳನ್ನು ಕೈಯೇ ಕಲಿಯಬೇಕು.

ಕೆಲವು ಖಾಲಿ ಜಾಗಗಳನ್ನು ಅಸಲಿಯಿಂದ ತುಂಬುವುದು ನಮ್ಮಂಥವರಿಗೆ ಆಗದ ಮಾತು. 1847ರ ಕೋಲ್ಟ್ ವಾಕರ್ ತಯಾರಾದದ್ದೇ ಸುಮಾರು 1,100. ಎರಡು ಕಿಲೋ ತೂಗುವ ಆ ದೈತ್ಯನ ನಕಲಿಗಳನ್ನು ಅಸಲಿ ಅಂತ ಮಾರುವವರೂ ಇದ್ದಾರೆ. ಇಂಥ ಕಡೆ ಇಟಲಿಯ ಉಬರ್ಟಿಯಂಥವರು ಮಾಡುವ ಪ್ರತಿಕೃತಿ ತರುವುದರಲ್ಲಿ ಯಾವ ಕೀಳೂ ಇಲ್ಲ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಅದು ಧಾರಾಳ ಸಾಕು. ಪ್ರತಿಕೃತಿ ಅಂತ ದಾಖಲೆಯಲ್ಲಿ ಬರೆದಿಡಿ, ಅಷ್ಟು ಮಾಡಿದರೆ ಆಯಿತು.

5. ಹೊಡೆಯುವುದಕ್ಕಾ, ಇಡುವುದಕ್ಕಾ?

ಇದನ್ನು ಮೊದಲೇ ತೀರ್ಮಾನಿಸಿ. ರೇಂಜಿಗೆ ಒಯ್ಯುವ ಆಸೆ ಇದ್ದರೆ ತೋಟಾ ಸಿಗುತ್ತದಾ ಎನ್ನುವುದೇ ಮೊದಲ ಪ್ರಶ್ನೆ. .38 ಸ್ಪೆಷಲ್ ಹುಡುಕುವುದಕ್ಕೂ ವೆಬ್ಲಿಯ .455 ಹುಡುಕುವುದಕ್ಕೂ ಅಜಗಜಾಂತರ. ಪಿನ್‌ಫೈರ್ (ಪಕ್ಕಕ್ಕೆ ಪುಟ್ಟ ಮೊಳೆ ಚಾಚಿದ ಹಳೆಯ ತೋಟಾ) ಆದರೆ ಕೇಳುವುದೇ ಬೇಡ.

ಸುರಕ್ಷತೆಯ ವಿಷಯದಲ್ಲಿ ಎರಡು ಮಾತು. ಹಳೆಯ ರಿವಾಲ್ವರ್‌ಗಳನ್ನು ಕರಿಮದ್ದಿನ ಒತ್ತಡಕ್ಕೆ ಲೆಕ್ಕ ಹಾಕಿ ಮಾಡಿದ್ದರು. ಸಿಂಗಲ್ ಆ್ಯಕ್ಷನ್ ಆರ್ಮಿಗೆ ಹೊಗೆ ಇಲ್ಲದ ಹೊಸ ಮದ್ದು ಹಾಕಬಹುದು ಎಂದು ಕೋಲ್ಟ್ ಭರವಸೆ ಕೊಟ್ಟದ್ದು 1900ರ ಸುಮಾರಿಗೆ. ಅದಕ್ಕಿಂತ ಮುಂಚಿನದಕ್ಕೆ ಇವತ್ತಿನ ತೋಟಾ ಹಾಕಬೇಡಿ. ಎರಡನೆಯದು, .455 ವೆಬ್ಲಿಗಳಲ್ಲಿ ಎಷ್ಟೋ ಸಿಲಿಂಡರ್‌ಗಳ ಹಿಂಭಾಗ ಅರೆದು .45 ಎಸಿಪಿ ತೋಟಾ ಕೂರುವ ಹಾಗೆ ಮಾಡಿದ್ದಾರೆ. ಕೂರುತ್ತದೆ ನಿಜ. ಆದರೆ ಆ ತೋಟಾದ ಪೂರ್ತಿ ಒತ್ತಡ ವೆಬ್ಲಿ ತಡೆಯಬೇಕಾದ್ದಕ್ಕಿಂತ ಜಾಸ್ತಿ. ಹೀಗೆ ಅರೆದದ್ದು ಸಂಗ್ರಹದ ಬೆಲೆಯಲ್ಲೂ ಕಮ್ಮಿ. ಯಾವುದೇ ಹಳೆಯ ರಿವಾಲ್ವರನ್ನು ಬಲ್ಲ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ನೋಡದೆ ಹೊಡೆಯಬೇಡಿ.

6. ಆ ಮಾದರಿಯ ಒಳಭೇದ ಓದಿಕೊಂಡು ಹೋಗಿ

ನೋಡಲು ಹೋಗುವ ಮೊದಲು ಓದು ಮುಗಿದಿರಬೇಕು. ಸ್ಮಿತ್ ಆ್ಯಂಡ್ ವೆಸನ್ 1957ರ ಸುಮಾರಿಗೆ ಮಾದರಿಗಳಿಗೆ ಸಂಖ್ಯೆ ಕೊಡಲು ಶುರುಮಾಡಿತು. ಸಿಲಿಂಡರ್ ಹೊರಗೆ ಹೊರಳಿಸಿದರೆ ಅದರ ತೋಳು ಫ್ರೇಮಿಗೆ ಸೇರುವ ಜಾಗದಲ್ಲಿ 19-3, 19-4 ಅಂತ ಒತ್ತಿರುತ್ತದೆ. ಗೆರೆಯ ಆಚೆಗಿನ ಅಂಕಿ ವಿನ್ಯಾಸದಲ್ಲಿ ಆದ ಬದಲಾವಣೆ ಎಷ್ಟನೆಯದು ಎಂದು ಹೇಳುತ್ತದೆ. 1982ರ ಸುಮಾರಿಗೆ ಬ್ಯಾರಲ್‌ಗೆ ಅಡ್ಡ ಪಿನ್ ಹಾಕುವುದನ್ನೂ ಮ್ಯಾಗ್ನಮ್ ಚೇಂಬರ್‌ಗಳ ಹಿಂದೆ ತೋಟಾದ ಅಂಚು ಕೂರಲು ಗುಳಿ ಕೊಡುವುದನ್ನೂ ಕಂಪನಿ ಬಿಟ್ಟಿತು. ಸಂಗ್ರಾಹಕರು ಅದಕ್ಕೂ ಮುಂಚಿನದನ್ನೇ ಹುಡುಕುವುದು ಇದಕ್ಕಾಗಿ.

ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿಯಲ್ಲಿ ಪೀಳಿಗೆಗಳ ಲೆಕ್ಕ. ಮೊದಲನೆಯದು 1873ರಿಂದ ಎರಡನೇ ಮಹಾಯುದ್ಧದ ಹೊತ್ತಿನವರೆಗೆ, ಎರಡನೆಯದು 1956ರಿಂದ, ಮೂರನೆಯದು 1976ರಿಂದ. ರೂಗರ್‌ನ ಸಿಂಗಲ್ ಆ್ಯಕ್ಷನ್‌ಗಳಲ್ಲಿ (ಪ್ರತಿ ಸಲ ಹ್ಯಾಮರನ್ನು ಕೈಯಿಂದ ಎಳೆಯಬೇಕಾದವು) 1973 ದೊಡ್ಡ ಗಡಿ. ಅದಕ್ಕೂ ಮುಂಚಿನವುಗಳಲ್ಲಿ ಟ್ರಾನ್ಸ್‌ಫರ್ ಬಾರ್ ಇಲ್ಲ, ಅಂದರೆ ಟ್ರಿಗರ್ ಒತ್ತದೆ ಗುಂಡು ಹಾರದ ಹಾಗೆ ತಡೆಯುವ ಭಾಗ ಇಲ್ಲ. ಹ್ಯಾಮರ್ ಕೆಳಗಿನ ಚೇಂಬರ್ ಯಾವಾಗಲೂ ಖಾಲಿ ಇರಲೇಬೇಕು. ಪೈಥಾನ್ 2020ರಲ್ಲಿ ಮರಳಿ ಬಂದಾಗ ಅದರ ಒಳಗಿನ ಯಂತ್ರವೇ ಬದಲಾಗಿತ್ತು. ಹೆಸರು ಒಂದೇ ಆದರೂ 1955ರ ಪೈಥಾನ್ ಬೇರೆ, ಇದು ಬೇರೆ.

7. ಕೈಗೆ ಸಿಕ್ಕಾಗ ಪರೀಕ್ಷೆ

ಇಲ್ಲಿ ಅವಸರ ಮಾಡಲೇಬೇಡಿ. ಒಂದು ಪುಟ್ಟ ಟಾರ್ಚ್, ಒಂದು ಭೂತಗನ್ನಡಿ, ಒಂದು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿಗಳು) ಜೇಬಿನಲ್ಲಿರಲಿ. ಮೊದಲು ಖಾಲಿ ಇದೆಯಾ ಅಂತ ನೋಡಿ. ಹ್ಯಾಮರ್ ಎಳೆಯಬಹುದಾ, ಟ್ರಿಗರ್ ಒತ್ತಬಹುದಾ ಅಂತ ಮಾಲೀಕರನ್ನು ಕೇಳಿ. ರಿಮ್‌ಫೈರ್ (ತೋಟಾದ ಅಂಚಿಗೆ ಪೆಟ್ಟು ಬೀಳುವ ಜಾತಿ) ಆದರೆ ಖಾಲಿ ಚೇಂಬರ್ ಮೇಲೆ ಟ್ರಿಗರ್ ಒತ್ತಬೇಡಿ, ಚೇಂಬರ್ ಅಂಚು ಜಜ್ಜಿ ಹೋಗುತ್ತದೆ. ಸಿಲಿಂಡರನ್ನು ಮಣಿಕಟ್ಟು ಕೊಡವಿ ಟಕ್ ಅಂತ ಮುಚ್ಚುವುದು ಬೇಡವೇ ಬೇಡ. ತೋಳು ಬಾಗಲು ಅಷ್ಟೇ ಸಾಕು.

ಈಗ ಟೈಮಿಂಗ್, ಅಂದರೆ ಹ್ಯಾಮರ್ ಎಳೆದಾಗ ಸಿಲಿಂಡರ್ ಸರಿಯಾದ ಹೊತ್ತಿಗೆ ಜಾಗಕ್ಕೆ ಬರುತ್ತದಾ ಎನ್ನುವುದು. ಎಡಗೈಯ ಬೆರಳನ್ನು ಸಿಲಿಂಡರ್ ಮೇಲೆ ಹಗುರವಾಗಿ ಇಡಿ, ಬ್ರೇಕ್ ಹಾಕಿದ ಹಾಗೆ. ಹೆಬ್ಬೆರಳಿನಿಂದ ಹ್ಯಾಮರನ್ನು ತುಂಬಾ ನಿಧಾನ ಎಳೆಯಿರಿ. ಸಿಲಿಂಡರ್ ತಿರುಗಿ ಸರಿಯಾದ ಜಾಗಕ್ಕೆ ಬಂದಾಗ ಕೆಳಗಿನ ಚಿಕ್ಕ ಕೊಂಡಿ ಗುಳಿಯೊಳಗೆ ಬೀಳುವ ಸಣ್ಣ ಕ್ಲಿಕ್ ಕೇಳುತ್ತದೆ. ಆ ಕ್ಲಿಕ್ ಹ್ಯಾಮರ್ ಪೂರ್ತಿ ನಿಲ್ಲುವುದಕ್ಕೆ ಮೊದಲು, ಇಲ್ಲವೇ ಅದರ ಜೊತೆಗೇ ಬರಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರ್ ಜಾಗಕ್ಕೆ ಬಂದಿಲ್ಲ ಅಂದರೆ ಟೈಮಿಂಗ್ ತಪ್ಪಿದೆ. ಒಂದು ಚೇಂಬರ್ ನೋಡಿ ಬಿಡಬೇಡಿ, ಆರನ್ನೂ ನೋಡಿ. ನಾಲ್ಕು ಸರಿ ಇದ್ದು ಎರಡು ತಪ್ಪಿರುವುದು ಉಂಟು. ಹಳೆಯ ಕೋಲ್ಟ್‌ಗಳಲ್ಲಿ, ಅದರಲ್ಲೂ ಪೈಥಾನ್‌ನಲ್ಲಿ, ಇದನ್ನು ಎರಡು ಸಲ ನೋಡಿ. ಅದನ್ನು ಸರಿಮಾಡಬಲ್ಲ ಕೈಗಳು ಕಮ್ಮಿಯಾಗುತ್ತಿವೆ.

ಆಮೇಲೆ ಸಿಲಿಂಡರನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಲೊಡಲೊಡ ಅನ್ನಬಾರದು. ಬ್ಯಾರಲ್ ಮತ್ತು ಸಿಲಿಂಡರ್ ನಡುವಿನ ಸಂದಿಗೆ ಫೀಲರ್ ಗೇಜ್ ತೂರಿಸಿ. 0.15 ಮಿಲಿಮೀಟರ್ ಆಸುಪಾಸು ಇದ್ದರೆ ನೆಮ್ಮದಿ. 0.25 ದಾಟಿದರೆ ಯಾಕೆ ಅಂತ ಕೇಳಿ. ಸಿಲಿಂಡರ್ ಹೊರಳಿಸಿ ಬ್ಯಾರಲ್‌ನ ಹಿಂಬಾಯಿಗೆ ಟಾರ್ಚ್ ಹಿಡಿಯಿರಿ. ಮಾಡೆಲ್ 19ರಲ್ಲಿ ಈ ಜಾಗದ ತಳಭಾಗವನ್ನು ಚಪ್ಪಟೆಯಾಗಿ ಅರೆದಿರುತ್ತಾರೆ, ಲೋಹ ಅಲ್ಲಿ ತೆಳ್ಳಗೆ. ಹಗುರ ಗುಂಡಿನ ಬಿಸಿ ಮ್ಯಾಗ್ನಮ್ ತೋಟಾಗಳನ್ನು ಜಾಸ್ತಿ ಹೊಡೆದಿದ್ದರೆ ಸರಿಯಾಗಿ ಅಲ್ಲೇ ಕೂದಲಿನಂಥ ಬಿರುಕು ಬಿಡುತ್ತದೆ. ಮಸಿಯ ಕೆಳಗೆ ಅದು ಕಾಣುವುದಿಲ್ಲ, ಒರೆಸಿ ನೋಡಿ. ಬ್ಯಾರಲ್ ಒಳಗೆ ತುಕ್ಕಿನ ಗುಳಿ, ಚೇಂಬರ್‌ಗಳಲ್ಲಿ ಉಂಗುರದಂಥ ಉಬ್ಬು, ಇವನ್ನೂ ನೋಡಿ ಮುಗಿಸಿ.

8. ಮೇಲ್ಮೈ ಅಸಲಿನಾ?

ನಾನು ಏಟು ತಿಂದದ್ದು ಇಲ್ಲಿ. ಒಂದು ಹಳೆಯ ಮಿಲಿಟರಿ ಆ್ಯಂಡ್ ಪೊಲೀಸ್, ಮಾಡೆಲ್ 10ರ ಪೂರ್ವಜ, ಕಪ್ಪುನೀಲಿಯಾಗಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಷ್ಟು ಹಳೆಯದು ಇಷ್ಟು ಚೆನ್ನಾಗಿದೆಯಲ್ಲ ಅಂತ ಖುಷಿಯಲ್ಲಿ ತಂದೆ. ಮನೆಯಲ್ಲಿ ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಬ್ಯಾರಲ್ ಮೇಲಿನ ಅಕ್ಷರಗಳ ಅಂಚು ಕರಗಿದ ಹಾಗೆ ಕಂಡಿತು. ಸ್ಕ್ರೂ ತೂತುಗಳ ಸುತ್ತ ತಟ್ಟೆಯಂಥ ತಗ್ಗು. ಚೂಪಾಗಿರಬೇಕಾದ ಫ್ರೇಮಿನ ಏಣುಗಳು ಸೋಪಿನ ಹಾಗೆ ಉರುಟು. ಹ್ಯಾಮರ್ ಮತ್ತು ಟ್ರಿಗರ್ ಕೂಡ ನೀಲಿ. ಕಾರ್ಖಾನೆಯಲ್ಲಿ ಅವೆರಡಕ್ಕೆ ಆ ಬಣ್ಣ ಕೊಡುತ್ತಿರಲಿಲ್ಲ, ಬಣ್ಣಬಣ್ಣದ ಮೋಡದಂಥ ಕೇಸ್ ಹಾರ್ಡನಿಂಗ್ ಇರುತ್ತಿತ್ತು. ಯಾರೋ ಚಕ್ರಕ್ಕೆ ಕೊಟ್ಟು ಪಾಲಿಶ್ ಮಾಡಿ ಮತ್ತೆ ಬಣ್ಣ ಹಾಕಿದ್ದರು. ಮಾರಿದವರು ಅದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ಯಾವ ರಿವಾಲ್ವರ್ ನೋಡಿದರೂ ಮೊದಲು ಹ್ಯಾಮರ್ ಬಣ್ಣ ನೋಡುತ್ತೇನೆ.

ಸಹಜವಾಗಿ ಸವೆದ ಬಣ್ಣಕ್ಕೆ ಹೆದರಬೇಡಿ. ಬ್ಯಾರಲ್ ತುದಿಯಲ್ಲಿ, ಸಿಲಿಂಡರ್ ಅಂಚಿನಲ್ಲಿ ಚರ್ಮದ ಚೀಲ ಉಜ್ಜಿ ಬೆಳ್ಳಗಾದದ್ದು ಅದು ಬದುಕಿದ ಗುರುತು. ಸೀರಿಯಲ್ ಸಂಖ್ಯೆ ಹಿಡಿಯ ತಳ, ಸಿಲಿಂಡರ್, ಬ್ಯಾರಲ್ ಕೆಳಗೆ, ಈ ಎಲ್ಲ ಕಡೆ ಒಂದೇ ಇದೆಯಾ ನೋಡಿ. ಹಳೆಯ ಸ್ಮಿತ್ ಆ್ಯಂಡ್ ವೆಸನ್‌ನ ಸಂಖ್ಯೆಯ ಪಕ್ಕ ಪುಟ್ಟ ನಕ್ಷತ್ರ ಒತ್ತಿದ್ದರೆ ಅದು ಒಮ್ಮೆ ಕಾರ್ಖಾನೆಗೆ ವಾಪಸ್ ಹೋಗಿ ಬಂದಿದೆ.

ಇನ್ನು ಕತೆಗಳು. ಯಾರೋ ದೊಡ್ಡ ಅಧಿಕಾರಿಯ ಸೊಂಟದಲ್ಲಿತ್ತು, ಯಾವುದೋ ಯುದ್ಧದಲ್ಲಿತ್ತು ಅನ್ನುತ್ತಾರೆ. ಕೇಳಿ, ಆದರೆ ಕಾಗದ ಇಲ್ಲದ ಕತೆಗೆ ಹೆಚ್ಚಿಗೆ ದುಡ್ಡು ಕೊಡಬೇಡಿ. ಕೋಲ್ಟ್ ಮತ್ತು ಸ್ಮಿತ್ ಆ್ಯಂಡ್ ವೆಸನ್ ಎರಡರ ಹಳೆಯ ದಾಖಲೆಗಳಿಂದಲೂ ಪತ್ರ ತರಿಸಬಹುದು. ಯಾವ ದಿನ ಕಾರ್ಖಾನೆ ಬಿಟ್ಟಿತು, ಆಗ ಯಾವ ಬಣ್ಣ, ಎಷ್ಟು ಉದ್ದದ ಬ್ಯಾರಲ್, ಎಲ್ಲಿಗೆ ಹೋಯಿತು ಎಂದು ಅದರಲ್ಲಿ ಇರುತ್ತದೆ. ನಿಕಲ್ ಹೊಳಪಿನ ರಿವಾಲ್ವರ್ ಕಾರ್ಖಾನೆಯಿಂದ ನೀಲಿಯಾಗಿ ಹೋಗಿತ್ತು ಅಂತ ಪತ್ರ ಹೇಳಿದರೆ ಅಲ್ಲಿಗೆ ಚರ್ಚೆ ಮುಗಿಯಿತು.

9. ಒಂದು ವಾರ ಬಿಟ್ಟು ಮತ್ತೆ ಲೆಕ್ಕ ಹಾಕಿ

ರಿವಾಲ್ವರ್ ಬೆಲೆಗೆ ವರ್ಗಾವಣೆಯ ಖರ್ಚು, ಸಾಗಾಟ, ಪತ್ರ, ಗನ್‌ಸ್ಮಿತ್ ಕೂಲಿ ಸೇರಿಸಿ. ಆಮೇಲೆ ಇನ್ನೊಂದು ಪ್ರಶ್ನೆ: ಇದೇ ದುಡ್ಡಿಗೆ ಈಗ ಇರುವ ಒಂದು ಸಾಧಾರಣ ತುಂಡನ್ನು ಕೊಟ್ಟು ಅದೇ ಮಾದರಿಯ ಒಳ್ಳೆಯದನ್ನು ತರಬಹುದಾ? ಎಷ್ಟೋ ಸಲ ಸಂಗ್ರಹಕ್ಕೆ ಬೇಕಾದದ್ದು ಇನ್ನೊಂದು ಅಲ್ಲ, ಇದ್ದದ್ದರಲ್ಲೇ ಉತ್ತಮವಾದದ್ದು. ಎರಡು ಸುಮಾರಾದವುಗಳ ಬದಲು ಒಂದು ಒಳ್ಳೆಯದನ್ನೇ ನಾನು ತರುತ್ತೇನೆ. ಮಾಡೆಲ್ 10 ಲಕ್ಷಗಟ್ಟಲೆ ತಯಾರಾದ ರಿವಾಲ್ವರ್, ಈ ವಾರ ಬಿಟ್ಟರೂ ಇನ್ನೊಂದು ಸಿಗುತ್ತದೆ. ಪೆಟ್ಟಿಗೆ, ಕಾಗದ ಸಮೇತ ಇರುವ, ಅದೇ ಕಂಪನಿಯ ಹಳೆಯ ಅಪರೂಪದ ಟ್ರಿಪಲ್ ಲಾಕ್ ಹಾಗಲ್ಲ. ಅದಕ್ಕೆ ಬೇಕಾದರೆ ಮಿಕ್ಕದ್ದನ್ನು ಮುಂದಕ್ಕೆ ಹಾಕಿ.

10. ಮನೆಗೆ ಬಂದ ಮೊದಲ ಸಂಜೆ

ಎಡಕ್ಕೆ, ಬಲಕ್ಕೆ, ಸೀರಿಯಲ್ ಸಂಖ್ಯೆಗೆ, ಪ್ರತಿ ಮುದ್ರೆಗೆ ಒಂದೊಂದು ಫೋಟೊ ತೆಗೆಯಿರಿ. ಎಲ್ಲಿಂದ, ಯಾವತ್ತು, ಎಷ್ಟಕ್ಕೆ, ಯಾಕೆ ಅಂತ ಪುಸ್ತಕದಲ್ಲಿ ಬರೆಯಿರಿ. ನಾಲ್ಕನೇ ಹೆಜ್ಜೆಯಲ್ಲಿ ಬರೆದ ವಾಕ್ಯವನ್ನೇ ಇಲ್ಲಿ ಇಳಿಸಬಹುದು. ನಿಕಲ್ ಲೇಪ ಇದ್ದರೆ ಅಮೋನಿಯಾ ಇರುವ ಕ್ಲೀನರ್ ಮುಟ್ಟಿಸಬೇಡಿ, ಲೇಪದ ಕೆಳಗೆ ನುಗ್ಗಿ ಎಬ್ಬಿಸುತ್ತದೆ. ಚರ್ಮದ ಚೀಲದಲ್ಲಿ ಇಟ್ಟು ಮರೆಯಬೇಡಿ, ಚರ್ಮ ತೇವ ಹಿಡಿದು ತುಕ್ಕು ತರುತ್ತದೆ. ಬೆರಳ ಗುರುತುಗಳನ್ನು ಎಣ್ಣೆ ಬಟ್ಟೆಯಿಂದ ಒರೆಸಿ, ಪಕ್ಕದಲ್ಲಿ ಸಿಲಿಕಾ ಜೆಲ್ ಇಡಿ. ಬೀರುವಿಗೆ ಬೀಗ ಹಾಕುವ ಮೊದಲು ಒಂದು ಸಲ ಅದನ್ನು ಮೇಜಿನ ಮೇಲಿನ ಸಾಲಿನಲ್ಲಿ ಅದರ ವರ್ಷದ ಜಾಗದಲ್ಲಿ ಇಟ್ಟು, ಎಡಕ್ಕಿರುವ ಮತ್ತು ಬಲಕ್ಕಿರುವ ಎರಡನ್ನೂ ಮತ್ತೆ ಕೈಗೆತ್ತಿಕೊಂಡು ನೋಡಿ.